ಅಜ್ಜಿಗೆ ಹೇಳದ ಕಥೆಗೆ ದುಡ್ಡು ಹುಟ್ಟಿದ್ದು ಹೇಗೆ

2013ರಲ್ಲಿ ಈಶಾನ್ಯ ಚೀನಾದ ಚಾಂಗ್‌ಚುನ್ ನಗರದಲ್ಲಿ ಒಬ್ಬ ಅಜ್ಜಿಗೆ ಶ್ವಾಸಕೋಶದ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಗೊತ್ತಾಗಿದ್ದು ಅಜ್ಜಿಗಲ್ಲ, ಅಜ್ಜಿಯ ತಂಗಿಗೆ. ನಾಲ್ಕನೇ ಹಂತ, ಇನ್ನು ಮೂರು ತಿಂಗಳು ಎಂದರು ಡಾಕ್ಟರು. ತಂಗಿ ಅಕ್ಕನಿಗೆ ಏನೂ ಹೇಳಲಿಲ್ಲ. ಎಲ್ಲ ಚೆನ್ನಾಗಿದೆ ಎಂದುಬಿಟ್ಟರು. ಮಕ್ಕಳು ಮೊಮ್ಮಕ್ಕಳಿಗೆಲ್ಲ ಸುದ್ದಿ ಹೋಯಿತು. ಕಡೆಯದಾಗಿ ಒಮ್ಮೆ ಅಜ್ಜಿಯನ್ನು ನೋಡಬೇಕು. ಆದರೆ ದೇಶ ಬಿಟ್ಟು ಹೋದವರೆಲ್ಲ ಸುಮ್ನೆ ಒಟ್ಟಿಗೆ ಬಂದಿಳಿದರೆ ಅಜ್ಜಿಗೆ ಅನುಮಾನ ಬರುತ್ತದೆ. ಅದಕ್ಕೆ ಒಬ್ಬ ಮೊಮ್ಮಗನ ಮದುವೆ ಇಟ್ಟುಕೊಂಡರು. ಮದುವೆ ನೆಪ. ಬಂದಿದ್ದು ಬೀಳ್ಕೊಡಲು.

ಆ ಮದುವೆಗೆ ಅಮೆರಿಕದಿಂದ ಬಂದವರಲ್ಲಿ ಲುಲು ವಾಂಗ್ ಒಬ್ಬರು. 1983ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದವರು. ಆರನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಮಯಾಮಿಗೆ ಹೋದವರು. ಅಮೆರಿಕದಲ್ಲಿ ಬೆಳೆದ ಅವರಿಗೆ ಈ ಸುಳ್ಳು ಗಂಟಲಲ್ಲಿ ಇಳಿಯಲಿಲ್ಲ. ಅಲ್ಲಿ ರೋಗಿಗೆ ರೋಗದ ವಿಷಯ ಹೇಳುವುದು ಡಾಕ್ಟರ ಕರ್ತವ್ಯ. ಇಲ್ಲಿ ನೋಡಿದರೆ ಇಡೀ ಮನೆಯೇ ಸೇರಿಕೊಂಡು ಅಜ್ಜಿಯ ಕಣ್ಣಿಗೆ ಬಟ್ಟೆ ಕಟ್ಟುತ್ತಿದೆ. ಅದೂ ಪ್ರೀತಿಯಿಂದಲೇ. ಅಜ್ಜಿಯ ದುಃಖವನ್ನು ನಾವು ಹೊರುತ್ತೇವೆ, ಅವಳು ನೆಮ್ಮದಿಯಾಗಿರಲಿ ಎಂಬ ಲೆಕ್ಕ ಅವರದು.

ಇದನ್ನು ಓದುವಾಗ ನಿಮಗೆ ನಿಮ್ಮ ಮನೆಯ ಯಾರೋ ನೆನಪಾಗಿರಬೇಕು, ಅಲ್ವಾ? ನಮ್ಮ ಮನೆಯಲ್ಲೂ ದೊಡ್ಡಪ್ಪನ ಸ್ಕ್ಯಾನ್ ರಿಪೋರ್ಟ್ ಗಾಡ್ರೆಜ್ ಬೀರುವಿನ ಸೀರೆಗಳ ಕೆಳಗೆ ಸೇರಿಕೊಂಡಿತ್ತು. ‘ಗ್ಯಾಸ್ಟ್ರಿಕ್ ಅಂತೆ’ ಎಂಬ ಮಾತು ಎಲ್ಲರ ಬಾಯಲ್ಲೂ ಒಂದೇ ಥರ ಬರುತ್ತಿತ್ತು. ನಾನೂ ಅದನ್ನೇ ಹೇಳಿದ್ದೆ.

ಲುಲು ವಾಂಗ್ ತಮ್ಮ ಮನೆಯ ಈ ಸುಳ್ಳನ್ನು ಸಿನಿಮಾ ಮಾಡಬೇಕು ಎಂದುಕೊಂಡರು. ಆ ಸಿನಿಮಾ 2019ರಲ್ಲಿ ‘ದಿ ಫೇರ್‌ವೆಲ್’ ಎಂಬ ಹೆಸರಲ್ಲಿ ಬಂತು. ಮದುವೆಗೂ ಸಿನಿಮಾಕ್ಕೂ ನಡುವೆ ಆರು ವರ್ಷ. ಅದರಲ್ಲಿ ಬಹುಪಾಲು ಹೋಗಿದ್ದು ದುಡ್ಡು ಹುಟ್ಟಿಸುವುದರಲ್ಲಿ. ಇಲ್ಲಿ ನಾನು ಬಿಡಿಸಿ ನೋಡಬೇಕೆಂದಿರುವುದು ಆ ವರ್ಷಗಳನ್ನು.

ಕಿರುಚಿತ್ರದ ಸ್ಕ್ರಿಪ್ಟ್ ಹಿಡಿದುಕೊಂಡು ನನ್ನ ಹತ್ತಿರ ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು ‘ಎಷ್ಟು ಆಗುತ್ತೆ’ ಎಂದು. ಆಮೇಲೆ ‘ಯಾರು ಕೊಡ್ತಾರೆ’ ಎಂದು. ಕೊಡುವವರು ಬದಲಿಗೆ ಏನು ಕೇಳುತ್ತಾರೆ ಎಂಬ ಪ್ರಶ್ನೆ ಬಹಳ ತಡವಾಗಿ ಬರುತ್ತದೆ. ಎಷ್ಟೋ ಸಲ ದುಡ್ಡು ತೆಗೆದುಕೊಂಡ ಮೇಲೆ ಬರುತ್ತದೆ. ಮನೆಯ ಕಥೆ, ಅದರಲ್ಲೂ ಎರಡು ದೇಶದ ನಡುವೆ ನಿಂತ ಮನೆಯ ಕಥೆ ಆದರೆ ಈ ಪ್ರಶ್ನೆ ಎಲ್ಲಕ್ಕಿಂತ ಮುಂಚೆ ಬರಬೇಕು. ಲುಲು ವಾಂಗ್ ಪ್ರಕರಣದಲ್ಲಿ ಇದು ಕಣ್ಣಿಗೆ ಕಟ್ಟುವ ಹಾಗೆ ಕಾಣುತ್ತದೆ.

ಎರಡು ಬಾಗಿಲು, ಒಂದೇ ಉತ್ತರ

ಆಗ ಅವರ ಮೊದಲ ಚಿತ್ರ ‘ಪೋಸ್ತ್ಯುಮಸ್’ ಮುಗಿಯುವ ಹಂತದಲ್ಲಿತ್ತು. ಬರ್ಲಿನ್‌ನಲ್ಲಿ ನಡೆಯುವ ಪ್ರೇಮಕಥೆ ಅದು. 2014ರಲ್ಲಿ ಬಂತು. ದೊಡ್ಡ ಹೆಸರೇನೂ ಮಾಡಲಿಲ್ಲ. ಒಂದು ಸಿನಿಮಾ ಮಾಡಿ ಮುಗಿಸಿದ್ದಾರೆ ಎಂಬುದೊಂದು ಅರ್ಹತೆ. ಅಷ್ಟು ಬಿಟ್ಟರೆ ಕೈಯಲ್ಲಿದ್ದದ್ದು ಅಜ್ಜಿಯ ಕಥೆ ಮಾತ್ರ.

ಮೊದಲು ತಟ್ಟಿದ್ದು ಅಮೆರಿಕದ ನಿರ್ಮಾಪಕರ ಬಾಗಿಲು. ಕಥೆ ಕೇಳಿದವರಿಗೆ ಇಷ್ಟವೇ ಆಯಿತು. ಸುಳ್ಳು ಮದುವೆ, ದೊಡ್ಡ ಕುಟುಂಬ, ಗಲಾಟೆ, ಊಟ. ಅವರ ಕಣ್ಣ ಮುಂದೆ ಬಂದಿದ್ದು ದೊಡ್ಡದೊಂದು ಮದುವೆ ಮನೆಯ ಕಾಮಿಡಿ. ಇದಕ್ಕೆ ಕಾರಣ ಇತ್ತು. 2002ರಲ್ಲಿ ಅಮೆರಿಕದ ಗ್ರೀಕ್ ಮನೆಯೊಂದರ ಮದುವೆ ಕಥೆ ಸುಮಾರು 50 ಲಕ್ಷ ಡಾಲರಿನಲ್ಲಿ ತಯಾರಾಗಿ ಜಗತ್ತಿನಾದ್ಯಂತ 35 ಕೋಟಿ ಡಾಲರಿಗೂ ಜಾಸ್ತಿ ಗಳಿಸಿತ್ತು. ಸಿನಿಮಾಕ್ಕೆ ದುಡ್ಡು ಹಾಕುವವರು ಹೊಸ ಕಥೆಯನ್ನು ಹೊಸದಾಗಿ ನೋಡುವುದು ಕಡಿಮೆ. ಇದು ಹಿಂದಿನ ಯಾವ ಸಿನಿಮಾದ ಥರ ಇದೆ, ಅದು ಎಷ್ಟು ಮಾಡಿತ್ತು, ಇದು ಎಷ್ಟು ಮಾಡಬಹುದು ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಹಾಕಿದ ಕೂಡಲೇ ಬದಲಾವಣೆಗಳೂ ಹೊರಟವು. ಕಥೆಯ ಹುಡುಗಿಯೇ ಮದುಮಗಳಾಗಲಿ. ಒಬ್ಬ ಬಿಳಿಯ ಹುಡುಗ ಇರಲಿ, ಅವನಿಗೆ ಒಳ್ಳೆ ಪಾತ್ರ ಇರಲಿ. ನಗು ಜಾಸ್ತಿ ಇರಲಿ.

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹುಡುಗಿಯೇ ಮದುಮಗಳಾದರೆ ಏನಾಗುತ್ತದೆ? ಆಗ ಸುಳ್ಳಿನ ಭಾರ ಹೊರುವವಳೂ ಅವಳೇ, ಸುಳ್ಳು ಹೂಡಿದವಳೂ ಅವಳೇ ಆಗುತ್ತಾಳೆ. ಆದರೆ ಲುಲು ಅವರ ಕಥೆಯ ಹುಡುಗಿ ಬಿಲ್ಲಿ ನಿಂತಿರುವುದು ಹೊಸ್ತಿಲ ಮೇಲೆ. ಅವಳಿಗೆ ಮದುವೆಯಲ್ಲಿ ಕೆಲಸವೇ ಇಲ್ಲ. ಅವಳ ಮುಖ ನೋಡಿದರೆ ಅಜ್ಜಿಗೆ ಗೊತ್ತಾಗಿಬಿಡುತ್ತದೆ ಎಂದು ಅಪ್ಪ ಅಮ್ಮ ಅವಳನ್ನು ಕರೆದುಕೊಂಡು ಬರಲೂ ಒಪ್ಪಿರುವುದಿಲ್ಲ. ಅವಳೇ ಟಿಕೆಟ್ ತೆಗೆದುಕೊಂಡು ಹಿಂದೆಯೇ ಬಂದಿಳಿಯುತ್ತಾಳೆ. ಸ್ವಂತ ಮನೆಯಲ್ಲೇ ಕರೆಯದೆ ಬಂದವಳು. ವಲಸೆ ಹೋದ ಮನೆಯ ಮಕ್ಕಳ ಸ್ಥಿತಿಯೇ ಅದು. ಮದುಮಗಳ ಕುರ್ಚಿಯಲ್ಲಿ ಕೂರಿಸಿದರೆ ಕಥೆಯ ಬೆನ್ನುಮೂಳೆಯೇ ಮುರಿದ ಹಾಗೆ.

ಬಿಳಿಯ ಹುಡುಗನ ಬೇಡಿಕೆಯ ಹಿಂದಿನ ಭಯ ಬೇರೆ. ಅಮೆರಿಕದ ಪ್ರೇಕ್ಷಕರು ಪರದೆಯ ಮೇಲೆ ತಮ್ಮ ಥರದವರೊಬ್ಬರು ಇಲ್ಲದಿದ್ದರೆ ಬರುವುದಿಲ್ಲ, ಸಬ್‌ಟೈಟಲ್ ಓದುವುದಿಲ್ಲ ಎಂಬ ಭಯ. ಈ ಚಿತ್ರದ ಬಹುಪಾಲು ಮಾತು ಚೀನೀ ಭಾಷೆಯಾದ ಮ್ಯಾಂಡರಿನ್‌ನಲ್ಲಿ. ಇಂಗ್ಲಿಷ್ ಮಾತಾಡುವ ಒಬ್ಬ ಗಂಡಸು ಮನೆಯೊಳಗೆ ಬಂದರೆ ಉಳಿದವರೂ ಇಂಗ್ಲಿಷ್ ಮಾತಾಡಬೇಕಾಗುತ್ತದೆ. ಅದೇ ಅವರಿಗೆ ಬೇಕಾಗಿದ್ದದ್ದು.

ಸರಿ, ಚೀನಾದವರಾದರೂ ಕೊಡಬಹುದು ಎಂದು ಆ ಕಡೆ ಹೋದರು. ಅದು ಹೋಗುವಂಥ ಕಾಲವೇ ಆಗಿತ್ತು. ಚೀನಾದಲ್ಲಿ ಥಿಯೇಟರುಗಳು ನಾಯಿಕೊಡೆಯ ಹಾಗೆ ಏಳುತ್ತಿದ್ದವು. ಹೊರಗಿನ ಸಿನಿಮಾಗಳಿಗೆ ಅಲ್ಲಿ ಮಿತಿ ಇದೆ. 2012ರ ಒಪ್ಪಂದದ ಪ್ರಕಾರ ವರ್ಷಕ್ಕೆ 34 ವಿದೇಶಿ ಚಿತ್ರಗಳಿಗೆ ಮಾತ್ರ ಗಲ್ಲಾಪೆಟ್ಟಿಗೆಯಲ್ಲಿ ಪಾಲು ಸಿಗುತ್ತಿತ್ತು, ಅದೂ ಸುಮಾರು ಕಾಲು ಭಾಗ. ಚೀನಾದವರ ಜೊತೆ ಸೇರಿ ಮಾಡಿದ ಚಿತ್ರ ಎಂದು ಮಾನ್ಯತೆ ಸಿಕ್ಕರೆ ಆ ಮಿತಿ ಇಲ್ಲ, ಪಾಲೂ ಜಾಸ್ತಿ. ಹಾಗಾಗಿ ಆ ವರ್ಷಗಳಲ್ಲಿ ಎರಡೂ ದೇಶದವರು ಜೊತೆಗೂಡಿ ಚಿತ್ರ ಮಾಡಲು ಓಡಾಡುತ್ತಿದ್ದರು. ಚಾಂಗ್‌ಚುನ್‌ನಲ್ಲಿ ನಡೆಯುವ, ಚೀನೀ ಮಾತಿನ, ಚೀನೀ ಅಜ್ಜಿಯ ಕಥೆ. ಇದಕ್ಕಿಂತ ಇನ್ನೇನು ಬೇಕು?

ಆದರೆ ಅವರಿಗೆ ತಕರಾರು ಇದ್ದದ್ದು ಬಿಲ್ಲಿಯ ಬಗ್ಗೆ. ಈ ಹುಡುಗಿ ತೀರಾ ಅಮೆರಿಕದವಳು ಎಂದರು. ಹಿರಿಯರಿಗೆ ರೋಗದ ವಿಷಯ ಹೇಳದಿರುವುದು ನಮ್ಮಲ್ಲಿ ಮಾಮೂಲು, ಅದಕ್ಕೆ ಯಾರು ಇಷ್ಟು ಒದ್ದಾಡುತ್ತಾರೆ? ನಮ್ಮ ಪ್ರೇಕ್ಷಕರಿಗೆ ಈ ಒದ್ದಾಟ ಅರ್ಥವಾಗುವುದಿಲ್ಲ ಎಂಬುದು ಅವರ ಮಾತಿನ ತಿರುಳು.

ಹೀಗೆ ಒಂದು ಕಡೆಯವರಿಗೆ ಹುಡುಗಿ ತೀರಾ ಚೀನಾದವಳು, ಇನ್ನೊಂದು ಕಡೆಯವರಿಗೆ ತೀರಾ ಅಮೆರಿಕದವಳು. ಅಚ್ಚರಿ ಏನೆಂದರೆ, ಅವರು ಬೇಡ ಎಂದದ್ದೇ ಸಿನಿಮಾದ ವಿಷಯ. ಎರಡೂ ಬಾಗಿಲಲ್ಲಿ ಲುಲು ಅವರಿಗೆ ಸಿಕ್ಕ ಉತ್ತರವನ್ನೇ ಬಿಲ್ಲಿಗೆ ಬದುಕಿಡೀ ಎರಡೂ ದೇಶ ಕೊಟ್ಟಿರುತ್ತವೆ. ದುಡ್ಡು ಕೇಳಲು ಹೋದ ಕೋಣೆಯಲ್ಲೇ ಆ ಸಿನಿಮಾ ನಡೆಯುತ್ತಿತ್ತು.

ಇಲ್ಲಿ ಲುಲು ವಾಂಗ್ ಮಾಡಿದ ಕೆಲಸ ನನಗೆ ತುಂಬ ದೊಡ್ಡದು ಎನಿಸುತ್ತದೆ. ಅವರು ಕಥೆಯನ್ನು ಬದಲಾಯಿಸಲಿಲ್ಲ. ಹಟ ಮಾಡಿ ಬೀದಿಗಿಳಿಯಲೂ ಇಲ್ಲ. ಸ್ಕ್ರಿಪ್ಟನ್ನು ಬದಿಗಿಟ್ಟರು. ತಪ್ಪಾಗಿ ಮಾಡುವುದಕ್ಕಿಂತ ಮಾಡದೇ ಇರುವುದು ವಾಸಿ ಎಂದು ನಿಂತುಬಿಟ್ಟರು. ಎರಡನೇ ಸಿನಿಮಾಕ್ಕೆ ಕಾಯುತ್ತಿರುವ ನಿರ್ದೇಶಕಿಗೆ ಇದು ಸುಲಭದ ಮಾತಲ್ಲ. ಒಂದು ಸಣ್ಣ ಬದಲಾವಣೆ ಒಪ್ಪಿಕೊಂಡರೆ ಚೆಕ್ ಬರುತ್ತದೆ ಎಂದು ಗೊತ್ತಿದ್ದಾಗ ಸುಮ್ಮನಿರುವುದು ಎಷ್ಟು ಕಷ್ಟ ಅಂತ ಒಮ್ಮೆಯಾದರೂ ಹಾಗೆ ಕೂತವರಿಗೆ ಗೊತ್ತಿರುತ್ತದೆ.

ರೇಡಿಯೊದಲ್ಲಿ ಹೇಳಿದ ಕಥೆ

2014ರಲ್ಲಿ ಲಾಸ್ ಏಂಜಲೀಸ್‌ನ ಫಿಲ್ಮ್ ಇಂಡಿಪೆಂಡೆಂಟ್ ಸಂಸ್ಥೆ ಅವರಿಗೆ ಚಾಜ್ ಮತ್ತು ರೋಜರ್ ಈಬರ್ಟ್ ಹೆಸರಿನ ನಿರ್ದೇಶನದ ಫೆಲೋಶಿಪ್ ಕೊಟ್ಟಿತು. ಇಂಥ ಫೆಲೋಶಿಪ್ಪಿನ ದುಡ್ಡಿನಲ್ಲಿ ಸಿನಿಮಾ ಆಗುವುದಿಲ್ಲ. ಆದರೆ ಜನ ಸಿಗುತ್ತಾರೆ. ಆ ಬಳಗದ ಓಡಾಟದಲ್ಲಿ ಲುಲು ಅವರಿಗೆ ಪರಿಚಯವಾದವರಲ್ಲಿ ಸ್ವತಃ ಸಿನಿಮಾ ಮಾಡಿ ಆಮೇಲೆ ರೇಡಿಯೊಗೆ ಹೋದ ಒಬ್ಬರಿದ್ದರು. ‘ದಿಸ್ ಅಮೆರಿಕನ್ ಲೈಫ್’ ಕಾರ್ಯಕ್ರಮದ ನಿರ್ಮಾಪಕರು ಅವರು. ನಿಮ್ಮ ಹತ್ತಿರ ಕಥೆ ಇದ್ದರೆ ಕೊಡಿ ಎಂದರು. ಲುಲು ಅಜ್ಜಿಯ ಕಥೆ ಕೊಟ್ಟರು.

ಆ ಕಾರ್ಯಕ್ರಮ ಅಮೆರಿಕದಲ್ಲಿ ಲಕ್ಷಾಂತರ ಜನ ಕೇಳುವಂಥದ್ದು. ಅದಕ್ಕಾಗಿ ಲುಲು ರೆಕಾರ್ಡರ್ ಹಿಡಿದು ಮನೆಯವರನ್ನೇ ಮಾತಾಡಿಸಿದರು. ಅಪ್ಪ, ಅಮ್ಮ, ಸುಳ್ಳು ಹೇಳಿದ ಆ ಚಿಕ್ಕಜ್ಜಿ. ಯಾಕೆ ಹೇಳಲಿಲ್ಲ ಎಂದು ಬಾಯಿಬಿಟ್ಟು ಕೇಳಿದರು. ಮದುವೆಯ ದಿನಗಳಲ್ಲಿ ಅಳು ನುಂಗಿಕೊಂಡು ಕೇಳಲಾಗದ್ದನ್ನು ಮೈಕ್ ಮುಂದಿಟ್ಟು ಕೇಳಿದರು. ಆ ಕಂತು 2016ರ ಏಪ್ರಿಲ್‌ನಲ್ಲಿ ಪ್ರಸಾರವಾಯಿತು.

ಕಿರುಚಿತ್ರ ಮಾಡುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ದೊಡ್ಡ ಸಿನಿಮಾಕ್ಕೆ ದುಡ್ಡು ಎತ್ತಲು ಮೊದಲು ಅದರ ಒಂದು ತುಣುಕನ್ನು ಕಿರುಚಿತ್ರ ಮಾಡಿ ತೋರಿಸುವುದು ಎಲ್ಲ ಕಡೆ ಇರುವ ದಾರಿ. ಅದಕ್ಕೂ ಕ್ಯಾಮೆರಾ, ಲೈಟು, ಊಟ, ಎಡಿಟಿಂಗ್ ಅಂತ ಲಕ್ಷಗಳು ಬೇಕು. ಲುಲು ಅವರಿಗೆ ಆ ಕಿರುಚಿತ್ರದ ಕೆಲಸವನ್ನು ರೇಡಿಯೊ ಮಾಡಿಕೊಟ್ಟಿತು. ಬರೀ ಧ್ವನಿ. ಧ್ವನಿಯಲ್ಲಿ ಮುಖ ಕಾಣುವುದಿಲ್ಲ, ಬಣ್ಣ ಕಾಣುವುದಿಲ್ಲ, ಬಿಳಿಯ ಹುಡುಗ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಅಡುಗೆ ಮಾಡುತ್ತಲೋ ಕಾರು ಓಡಿಸುತ್ತಲೋ ಕೇಳಿದ ಜನರಿಗೆ ಕಂಡದ್ದು ಅವರವರ ಅಜ್ಜಿ. ಸಬ್‌ಟೈಟಲ್ ಓದುವುದಿಲ್ಲ, ಚೀನೀ ಕಥೆ ಬೇಕಿಲ್ಲ ಎಂದು ಯಾವ ಪ್ರೇಕ್ಷಕರ ಹೆಸರಿನಲ್ಲಿ ಹೇಳುತ್ತಿದ್ದರೋ ಆ ಪ್ರೇಕ್ಷಕರೇ ಕಣ್ಣೊರೆಸಿಕೊಂಡರು.

ಪ್ರಸಾರವಾದ ಕೆಲವೇ ದಿನಗಳಲ್ಲಿ ನಿರ್ಮಾಪಕರ ಫೋನುಗಳು ಬರತೊಡಗಿದವು. ಹಾಗೆ ಬಂದವರಲ್ಲಿ ಕ್ರಿಸ್ ವೈಟ್ಜ್ ಒಬ್ಬರು. ‘ಅಬೌಟ್ ಎ ಬಾಯ್’ ಚಿತ್ರದ ನಿರ್ದೇಶಕರಲ್ಲೊಬ್ಬರು. ಅವರ ಅಜ್ಜಿ ಲುಪಿಟಾ ತೋವರ್ ಮೆಕ್ಸಿಕೊದಿಂದ ಹಾಲಿವುಡ್‌ಗೆ ಬಂದ ನಟಿ. ವಲಸೆ ಬಂದ ಅಜ್ಜಿಯ ಕಥೆ ಅವರ ಮನೆಯಲ್ಲೂ ಇತ್ತು ಎನ್ನಬಹುದು. ಅವರ ಕಂಪನಿಯ ಮೂಲಕ ‘ಬಿಗ್ ಬೀಚ್’ ಬಂತು. ‘ಲಿಟಲ್ ಮಿಸ್ ಸನ್‌ಶೈನ್’ ಮಾಡಿದ ಕಂಪನಿ ಅದು. ಮನೆಮಂದಿಯ ಕಥೆಯನ್ನು ಸಣ್ಣ ದುಡ್ಡಿನಲ್ಲಿ ಮಾಡಿ ಗೆದ್ದ ಅನುಭವ ಅವರಿಗಿತ್ತು. ಮುಂದೆ ತೈವಾನ್ ಮೂಲದ ಅನಿತಾ ಗೌ ತಮ್ಮ ‘ಕಿಂಡ್ರೆಡ್ ಸ್ಪಿರಿಟ್’ ಕಂಪನಿಯೊಂದಿಗೆ ಸೇರಿಕೊಂಡರು.

ಈಗ ಷರತ್ತು ಹಾಕಿದ್ದು ಲುಲು ವಾಂಗ್. ಮಾತು ಬಹುಪಾಲು ಮ್ಯಾಂಡರಿನ್‌ನಲ್ಲೇ ಇರಬೇಕು. ನಟರು ಏಷ್ಯಾ ಮೂಲದವರೇ ಆಗಿರಬೇಕು. ಚಾಂಗ್‌ಚುನ್‌ನಲ್ಲೇ ಚಿತ್ರೀಕರಣ ಆಗಬೇಕು. ಮೂರು ವರ್ಷ ಹಿಂದೆ ಇದೇ ಮಾತು ಹೇಳಿದ್ದರೆ ಹಟಮಾರಿ ಹುಡುಗಿ ಎನ್ನುತ್ತಿದ್ದರು. ಈಗ ಕಥೆ ಆಗಲೇ ಜಗತ್ತಿಗೆ ಕೇಳಿಸಿಬಿಟ್ಟಿತ್ತು. ರೇಡಿಯೊದಲ್ಲಿ ಕೇಳಿ ಇಷ್ಟಪಟ್ಟು ಬಂದವರು ಅದನ್ನೇ ಬದಲಾಯಿಸಿ ಎಂದು ಹೇಳುವುದು ಹೇಗೆ?

ನಮ್ಮಲ್ಲೂ ಹೀಗೆ ಒಂದು ನಡೆದಿದೆ. ಪವನ್ ಕುಮಾರ್ ‘ಲೂಸಿಯಾ’ ಕಥೆ ಹಿಡಿದು ಗಾಂಧಿನಗರ ಸುತ್ತಿ ಸೋತರು. ಆಮೇಲೆ ಬ್ಲಾಗಿನಲ್ಲಿ ಮನಸ್ಸು ಬಿಚ್ಚಿ ಬರೆದರು. ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ರೂಪಾಯಿ ಕೊಟ್ಟರು. 2013ರಲ್ಲಿ ಸಿನಿಮಾ ಬಂತು. ಬ್ಲಾಗಾಗಲಿ ರೇಡಿಯೊ ಆಗಲಿ, ನಡುವಿನವರನ್ನು ದಾಟಿ ನೋಡುವವರ ಹತ್ತಿರವೇ ನೇರ ಹೋದದ್ದು ಎರಡರಲ್ಲೂ ಒಂದೇ.

ಆದರೆ ವ್ಯತ್ಯಾಸವೂ ಇದೆ, ಅದನ್ನು ಹೇಳಲೇಬೇಕು. ‘ದಿ ಫೇರ್‌ವೆಲ್’ಗೆ ಖರ್ಚಾದದ್ದು ಸುಮಾರು 30 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ 20 ಕೋಟಿ ರೂಪಾಯಿ. ಹಾಲಿವುಡ್‌ಗೆ ಇದು ಚಿಲ್ಲರೆ, ಆದರೂ ಒಬ್ಬೊಬ್ಬರಿಂದ ಐನೂರೋ ಸಾವಿರವೋ ಎತ್ತಿ ತುಂಬಿಸುವ ಮೊತ್ತವಲ್ಲ. ಕಿರುಚಿತ್ರಕ್ಕೆ ಮಾತ್ರ ಆ ದಾರಿ ಹೊಂದುತ್ತದೆ. 2009ರಲ್ಲಿ ಶುರುವಾದ, ಜನರಿಂದ ದುಡ್ಡು ಎತ್ತುವ ವೆಬ್‌ಸೈಟ್ ಕಿಕ್‌ಸ್ಟಾರ್ಟರ್ ಅಮೆರಿಕದಲ್ಲಿ ವಲಸೆ ಮನೆಗಳ ಮಕ್ಕಳಿಗೆ ದೊಡ್ಡ ಆಸರೆ ಆಗಿದೆ. ಅಲ್ಲಿ ಗುರಿ ಮುಟ್ಟಿದರೆ ಮಾತ್ರ ದುಡ್ಡು, ಮುಟ್ಟದಿದ್ದರೆ ಒಂದು ಪೈಸೆಯೂ ಇಲ್ಲ. ಗರಿಷ್ಠ 60 ದಿನ. ಗೆದ್ದರೆ ಅವರಿಗೆ ನೂರಕ್ಕೆ ಐದು, ಅದರ ಮೇಲೆ ಕಾರ್ಡಿನ ಖರ್ಚು ಸುಮಾರು ಮೂರು. ಬಜೆಟ್ ಬರೆಯುವಾಗ ಇದನ್ನು ಮರೆತು, ಆಮೇಲೆ ಊಟದ ದುಡ್ಡಿನಲ್ಲಿ ಕೈ ಹಾಕಿದವರನ್ನು ನೋಡಿದ್ದೇನೆ.

ಮನೆಯ ಕಥೆಗೆ ಜನರ ಹತ್ತಿರ ದುಡ್ಡು ಎತ್ತುವಾಗ ಇನ್ನೊಂದು ಕಷ್ಟ ಇದೆ. ದುಡ್ಡು ಬರಬೇಕಾದರೆ ಕಥೆ ಪೂರ್ತಿ ಹೇಳಬೇಕು. ಅಪ್ಪ ಅಮ್ಮ, ಅತ್ತೆ ಮಾವ, ದೇವಸ್ಥಾನದಲ್ಲಿ ಸಿಗುವ ಊರಿನವರು, ಎಲ್ಲರೂ ಓದುತ್ತಾರೆ. ಮನೆಯ ಗುಟ್ಟು ಸಿನಿಮಾ ಆಗುವ ಮೊದಲೇ ಮನವಿ ಪತ್ರವಾಗಿ ಬೀದಿಗೆ ಬರುತ್ತದೆ. ಲುಲು ಅವರ ಕಥೆಯಲ್ಲಂತೂ ಗುಟ್ಟು ಆಗ ಇನ್ನೂ ಜೀವಂತವಾಗಿತ್ತು. ಯಾಕೆಂದರೆ ಅಜ್ಜಿ ಜೀವಂತವಾಗಿದ್ದರು.

ಹೌದು, ಮೂರು ತಿಂಗಳು ಎಂದಿದ್ದ ಅಜ್ಜಿ 2018ರಲ್ಲೂ ಆರಾಮವಾಗಿದ್ದರು.

ಅಜ್ಜಿಯ ಬೀದಿಯಲ್ಲಿ 24 ದಿನ

2018ರ ಬೇಸಿಗೆಯಲ್ಲಿ 24 ದಿನ ಚಿತ್ರೀಕರಣ ನಡೆಯಿತು. ಹೆಚ್ಚಿನದು ಚಾಂಗ್‌ಚುನ್‌ನಲ್ಲಿ, ಸ್ವಲ್ಪ ನ್ಯೂಯಾರ್ಕ್‌ನಲ್ಲಿ. ಅಜ್ಜಿಯ ಮನೆ ಇರುವ ಬಡಾವಣೆಯಲ್ಲೇ ಕ್ಯಾಮೆರಾ ಇಟ್ಟರು. ಮೊಮ್ಮಗಳು ಸಿನಿಮಾ ಮಾಡುತ್ತಿದ್ದಾಳೆ ಎಂದು ಅಜ್ಜಿಗೆ ಗೊತ್ತಿತ್ತು. ಯಾವ ಸಿನಿಮಾ ಎಂದು ಮಾತ್ರ ಗೊತ್ತಿರಲಿಲ್ಲ. ಮನೆಯವರ ಸುಳ್ಳಿಗೆ ಈಗ ಇಡೀ ಚಿತ್ರತಂಡ ಸೇರಿಕೊಂಡಿತು.

ಸುಳ್ಳು ಹೇಳಿದ ಚಿಕ್ಕಜ್ಜಿಯ ಪಾತ್ರವನ್ನು ಮಾಡಿದ್ದು ಸುಳ್ಳು ಹೇಳಿದ ಚಿಕ್ಕಜ್ಜಿಯೇ, ಲು ಹೋಂಗ್. ತಾತನ ಸಮಾಧಿಯ ಮುಂದೆ ಮನೆಯವರೆಲ್ಲ ನಿಂತು ನಮಸ್ಕರಿಸುವ ದೃಶ್ಯಕ್ಕೆ ಲುಲು ಅವರ ಸ್ವಂತ ತಾತನ ಸಮಾಧಿಯೇ ಬಂತು. ಸಣ್ಣ ಬಜೆಟ್ಟಿನಲ್ಲಿ ಇದರಿಂದ ಸೆಟ್ಟಿನ ಖರ್ಚು ಉಳಿಯುತ್ತದೆ ಎನ್ನುವುದು ಲೆಕ್ಕದ ಮಾತು. ನನಗೆ ಕಾಣುವುದು ಬೇರೆ. ಚಾಂಗ್‌ಚುನ್ ಬೇಕೇ ಬೇಕು ಎಂಬ ಷರತ್ತನ್ನು ಬಿಟ್ಟುಕೊಟ್ಟು, ಎಲ್ಲೋ ಒಂದು ಚೈನಾಟೌನ್‌ನಲ್ಲಿ ಮಾಡಿ ಮುಗಿಸಿದ್ದರೆ ಈ ಎರಡೂ ಸಿಗುತ್ತಿರಲಿಲ್ಲ.

ಬಿಲ್ಲಿಯ ಪಾತ್ರಕ್ಕೆ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಬೆಳೆದ ಆಕ್ವಾಫೀನಾ ಬಂದರು. ಅವರನ್ನು ಸಾಕಿದ್ದೂ ಅಜ್ಜಿಯೇ. ಏಷ್ಯಾ ಮೂಲದ ನಟರೇ ತುಂಬಿದ್ದ ಹಾಲಿವುಡ್ ಚಿತ್ರ ‘ಕ್ರೇಜಿ ರಿಚ್ ಏಶಿಯನ್ಸ್’ ಆಗಸ್ಟ್‌ನಲ್ಲಿ ಬಂದು ಕೋಟಿಗಟ್ಟಲೆ ಗಳಿಸುವ ಹೊತ್ತಿಗೆ ಇಲ್ಲಿ ಚಿತ್ರೀಕರಣ ಮುಗಿದಿತ್ತು. ಅಂದರೆ ಗಾಳಿ ಬೀಸಿದ ಮೇಲೆ ತೂರಿಕೊಂಡ ದುಡ್ಡಲ್ಲ ಇದು. ಗಾಳಿ ಇಲ್ಲದಾಗಲೇ ಕೊಟ್ಟವರು ಕೊಟ್ಟಿದ್ದರು.

ಚಿತ್ರದ ಒಂದು ದೃಶ್ಯ ಹತ್ತಿರದಿಂದ ನೋಡಬೇಕು. ಅಜ್ಜಿ ತನ್ನ ಪರೀಕ್ಷೆಯ ರಿಪೋರ್ಟ್ ತರಲು ಮನೆಗೆಲಸದವಳನ್ನು ಆಸ್ಪತ್ರೆಗೆ ಕಳಿಸಿಬಿಟ್ಟಿರುತ್ತಾಳೆ. ಮನೆಯವರಿಗೆ ಗೊತ್ತಾಗಿ ಎದ್ದುಬಿದ್ದು ಓಡುತ್ತಾರೆ. ಹೇಗೋ ಆ ಕಾಗದ ಕೈಗೆ ಸಿಗುತ್ತದೆ. ಅದನ್ನು ಹಿಡಿದುಕೊಂಡು ಒಂದು ಜೆರಾಕ್ಸ್ ಅಂಗಡಿಗೆ ಹೋಗುತ್ತಾರೆ. ರೋಗದ ಹೆಸರು ಇರುವ ಜಾಗದಲ್ಲಿ ಅಪಾಯ ಇಲ್ಲದ ಮಾತು ಬರೆಸುತ್ತಾರೆ. ಮಹಾ ಕುಟುಂಬದ ಮಹಾ ಸುಳ್ಳು ಬೀದಿ ಬದಿಯ ಅಂಗಡಿಯಲ್ಲಿ ನಾಲ್ಕು ಕಾಸಿಗೆ ತಯಾರಾಗುತ್ತದೆ. ನಮ್ಮ ದೊಡ್ಡಪ್ಪನ ರಿಪೋರ್ಟ್ ಸೀರೆಗಳ ಕೆಳಗೆ ಹೋದದ್ದು ನೆನಪಾಗಿ ನಾನು ಆ ದೃಶ್ಯವನ್ನು ಒಂದೇ ಸಲಕ್ಕೆ ನೋಡಿ ಮುಗಿಸಲಾಗಲಿಲ್ಲ.

ದುಪ್ಪಟ್ಟು ದುಡ್ಡು ಬೇಡ ಎಂದ ದಿನ

2019ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವ. ಅಲ್ಲಿ ಸಿನಿಮಾ ತೋರಿಸಿದ ರಾತ್ರಿಯಿಂದಲೇ ಕೊಳ್ಳುವವರ ಮಾತುಕತೆ ಶುರುವಾಗುತ್ತದೆ. ‘ದಿ ಫೇರ್‌ವೆಲ್’ಗೆ ಪೈಪೋಟಿ ಬಂತು. ಒಂದು ಸ್ಟ್ರೀಮಿಂಗ್ ಕಂಪನಿ ಹೇಳಿದ ಬೆಲೆ ಉಳಿದವರಿಗಿಂತ ಸುಮಾರು ದುಪ್ಪಟ್ಟು. ಲುಲು ವಾಂಗ್ ಮತ್ತು ನಿರ್ಮಾಪಕರು ಅದನ್ನು ಬಿಟ್ಟು, ಸುಮಾರು 60ರಿಂದ 70 ಲಕ್ಷ ಡಾಲರಿಗೆ ‘ಎ24’ ಕಂಪನಿಗೆ ಕೊಟ್ಟರು. ಕಾರಣ ಒಂದೇ. ಜನ ಥಿಯೇಟರಿನಲ್ಲಿ ಒಟ್ಟಿಗೆ ಕೂತು ನೋಡಬೇಕು.

ಇದನ್ನು ನಾನು ಈ ಪ್ರಕರಣದ ಎರಡನೇ ‘ಬೇಡ’ ಎಂದು ಕರೆಯುತ್ತೇನೆ. ಮೊದಲನೆಯದು ಕೈ ಖಾಲಿ ಇದ್ದಾಗ ಹೇಳಿದ್ದು. ಎರಡನೆಯದು ಕೈ ತುಂಬುತ್ತಿದ್ದಾಗ ಹೇಳಿದ್ದು. ನಿರ್ದೇಶಕಿ ಒಬ್ಬರೇ ಹೇಳಿದರೆ ಆಗುವ ಮಾತಲ್ಲ ಇದು. ಹಣ ಹಾಕಿದವರೂ ಹೂಂ ಎನ್ನಬೇಕು. ಸರಿಯಾದವರ ಹತ್ತಿರ ದುಡ್ಡು ತೆಗೆದುಕೊಂಡಿದ್ದರ ಫಲ ಸಿಕ್ಕಿದ್ದು ಆ ರಾತ್ರಿ.

ಜುಲೈ 12ರಂದು ಚಿತ್ರ ಅಮೆರಿಕದಲ್ಲಿ ಬರೀ ನಾಲ್ಕು ಥಿಯೇಟರಿನಲ್ಲಿ ಬಿಡುಗಡೆಯಾಯಿತು. ಮೊದಲ ವಾರಾಂತ್ಯಕ್ಕೆ ಮೂರೂವರೆ ಲಕ್ಷ ಡಾಲರಿಗಿಂತ ಜಾಸ್ತಿ ಬಂತು. ಒಂದೊಂದು ಥಿಯೇಟರಿನ ಸರಾಸರಿ ಲೆಕ್ಕ ಹಾಕಿದರೆ ಆ ವರ್ಷದ ‘ಅವೆಂಜರ್ಸ್’ ಚಿತ್ರಕ್ಕಿಂತ ಮುಂದೆ. ಕೊನೆಗೆ ಜಗತ್ತಿನಾದ್ಯಂತ ಗಳಿಕೆ 2 ಕೋಟಿ ಡಾಲರ್ ದಾಟಿತು. ಆಕ್ವಾಫೀನಾ ಅವರಿಗೆ 2020ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಸಿಕ್ಕಿತು. ಅಜ್ಜಿಯಾಗಿ ನಟಿಸಿದ ಝಾವೊ ಶೂಜೆನ್ ಅವರಿಗೆ ಸ್ವತಂತ್ರ ಚಿತ್ರಗಳಿಗೆ ಕೊಡುವ ಸ್ಪಿರಿಟ್ ಪ್ರಶಸ್ತಿ ಬಂತು. ಅದೇ ಸಮಾರಂಭದಲ್ಲಿ ವರ್ಷದ ಅತ್ಯುತ್ತಮ ಚಿತ್ರವೂ ಇದೇ ಆಯಿತು.

ಹಾಗಾದರೆ ಮೊದಲು ಬೇಡ ಎಂದವರೆಲ್ಲ ತಪ್ಪು ಮಾಡಿದರಾ? ಅಮೆರಿಕದವರ ಭಯ ಸುಳ್ಳಾಯಿತು, ಅದು ನಿಜ. ಜನ ಸಬ್‌ಟೈಟಲ್ ಓದಿದರು. ಬಿಳಿಯ ಹುಡುಗನನ್ನು ಯಾರೂ ಹುಡುಕಲಿಲ್ಲ. ಆದರೆ ಚೀನಾದವರ ಲೆಕ್ಕ ಅಷ್ಟು ಸುಳ್ಳಾಗಿರಲಿಲ್ಲ. 2020ರ ಜನವರಿಯಲ್ಲಿ ಅಲ್ಲಿ ಬಿಡುಗಡೆಯಾದಾಗ ಚಿತ್ರ ಹೆಚ್ಚು ಓಡಲಿಲ್ಲ. ಅಲ್ಲಿನ ಚೀನೀ ಹೆಸರೇ ‘ಅವಳಿಗೆ ಹೇಳಬೇಡಿ’ ಎಂಬರ್ಥದ್ದು. ಅವರಿಗೆ ಹೇಳದಿರುವುದರಲ್ಲಿ ಸುದ್ದಿಯೇ ಇಲ್ಲ. ನಮ್ಮೂರಿನಲ್ಲಿ ‘ಗ್ಯಾಸ್ಟ್ರಿಕ್ ಅಂತೆ’ ಎಂಬುದನ್ನು ಸಿನಿಮಾ ಮಾಡುತ್ತೇನೆ ಎಂದರೆ ನಿರ್ಮಾಪಕರು ‘ಇದರಲ್ಲಿ ಏನಿದೆ’ ಎನ್ನುವುದಿಲ್ಲವೇ, ಹಾಗೆ. ಆದ್ದರಿಂದ ಚೀನಾದ ದುಡ್ಡು ಹಾಕುವವರನ್ನು ನಾನು ದೂರುವುದಿಲ್ಲ. ಅವರಿಗೆ ತಮ್ಮ ಪ್ರೇಕ್ಷಕರು ಗೊತ್ತಿತ್ತು. ಈ ಕಥೆಯ ಪ್ರೇಕ್ಷಕರು ಬೇರೆ ಕಡೆ ಇದ್ದರು, ಅಷ್ಟೇ. ಊರು ಬಿಟ್ಟು ಹೋದವರು, ಅವರ ಮಕ್ಕಳು, ಫೋನಿನಲ್ಲಿ ‘ಊಟ ಆಯ್ತಾ’ ಎಂದು ಕೇಳುವ ಅಜ್ಜಿ ಇರುವವರು.

ಪ್ರಶಸ್ತಿಯ ಹೊತ್ತಿಗೆ ಹಳೆಯ ಪ್ರಶ್ನೆ ಮತ್ತೆ ಬಂತು. ಅಮೆರಿಕದ ಕಂಪನಿಗಳ ದುಡ್ಡು, ಅಮೆರಿಕದ ನಿರ್ದೇಶಕಿ. ಆದರೂ ಅರ್ಧಕ್ಕಿಂತ ಜಾಸ್ತಿ ಮಾತು ಇಂಗ್ಲಿಷ್ ಅಲ್ಲದ ಕಾರಣ ಗೋಲ್ಡನ್ ಗ್ಲೋಬ್‌ನಲ್ಲಿ ಇದು ವಿದೇಶಿ ಭಾಷೆಯ ವಿಭಾಗದಲ್ಲಿ ಸ್ಪರ್ಧಿಸಬೇಕಾಯಿತು. ಅಲ್ಲಿ ಗೆದ್ದದ್ದು ಕೊರಿಯಾದ ‘ಪ್ಯಾರಸೈಟ್’. ಮನೆಯೊಳಗೇ ಹೊರಗಿನವರಾಗುವುದು ಬಿಲ್ಲಿಗೆ ತಪ್ಪಲಿಲ್ಲ, ಬಿಲ್ಲಿಯ ಸಿನಿಮಾಕ್ಕೂ ತಪ್ಪಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಸಿನಿಮಾದೊಳಗೂ ದುಡ್ಡಿನ ಕಥೆ ಇದೆ, ಹೆಚ್ಚಿನವರು ಗಮನಿಸುವುದಿಲ್ಲ. ಬಿಲ್ಲಿ ಬರೆಯುವ ಹುಡುಗಿ. ಬರಹಗಾರರಿಗೆ, ಕಲಾವಿದರಿಗೆ ದುಡ್ಡು ಕೊಡುವ ಗುಗೆನ್‌ಹೈಮ್ ಫೆಲೋಶಿಪ್ಪಿಗೆ ಅರ್ಜಿ ಹಾಕಿರುತ್ತಾಳೆ. ಚೀನಾಕ್ಕೆ ಹೊರಡುವ ಮುಂಚೆಯೇ ಆಗುವುದಿಲ್ಲ ಎಂಬ ಪತ್ರ ಬಂದಿರುತ್ತದೆ. ಬಾಡಿಗೆಗೂ ಕಷ್ಟ. ಅಜ್ಜಿಗೆ ಅದನ್ನು ಹೇಳುವುದು ಕೊನೆಯ ಹೊತ್ತಿಗೆ. ಅಲ್ಲಿಯವರೆಗೆ ಅಜ್ಜಿಯಿಂದ ಎಲ್ಲರೂ ಒಂದು ಗುಟ್ಟು ಮುಚ್ಚಿಟ್ಟರೆ ಅವಳು ಎರಡು ಮುಚ್ಚಿಟ್ಟಿರುತ್ತಾಳೆ.

ಚೀನೀ ಮನೆಗಳಲ್ಲಿ ಹಬ್ಬಕ್ಕೆ, ಮದುವೆಗೆ ಹಿರಿಯರು ಕೆಂಪು ಲಕೋಟೆಯಲ್ಲಿ ದುಡ್ಡು ಕೊಡುತ್ತಾರೆ. ಹೊಂಗ್‌ಬಾವೊ ಎನ್ನುತ್ತಾರೆ. ಎಂಟು ಬಂದರೆ ಶುಭ, ನಾಲ್ಕು ಬರಬಾರದು, ಮದುವೆಗೆ ಸಮಸಂಖ್ಯೆಯೇ ಆಗಬೇಕು. ನಮ್ಮ ಮುಯ್ಯಿಗೆ 101, 501 ಆಗಬೇಕಾದ ಹಾಗೆ, ಆದರೆ ತಿರುಗುಮುರುಗು. ಬಿಲ್ಲಿ ವಾಪಸ್ ಹೊರಡುವಾಗ ಅಜ್ಜಿ ಅಂಥ ಒಂದು ಲಕೋಟೆ ಅವಳ ಕೈಗೆ ತುರುಕುತ್ತಾಳೆ. ನಿನಗೆ ಇಷ್ಟ ಬಂದದ್ದಕ್ಕೆ ಖರ್ಚು ಮಾಡು ಎನ್ನುತ್ತಾಳೆ. ಯಾವುದಕ್ಕೆ ಎಂದು ಕೇಳುವುದಿಲ್ಲ. ಆಮೇಲೆ ಟ್ಯಾಕ್ಸಿ ಹೊರಡುತ್ತದೆ. ಹಿಂದಿನ ಗಾಜಿನಲ್ಲಿ ಅಜ್ಜಿ ನಿಂತಿರುತ್ತಾಳೆ, ಕೈ ಬೀಸುತ್ತಾ, ಚಿಕ್ಕದಾಗುತ್ತಾ.